‘ಸಿಗಲಿಲ್ಲ’ ಬೇರೆ, ‘ಇಲ್ಲ’ ಬೇರೆ: ಶಾಸನಸಭೆ ಗ್ರಂಥಾಲಯದ ಒಂದು ಸಂಜೆ

ಇದು ಒಂದೇ ಒಂದು ಪ್ರಶ್ನೆಯ ಕಥೆ. ಅಧಿವೇಶನ ನಡೆಯುತ್ತಿದ್ದಾಗ ಒಂದು ಸಂಜೆ ಬಂದ ಪ್ರಶ್ನೆ. ಅದಕ್ಕೆ ನಾನು ಮೊದಲು ತಪ್ಪು ಉತ್ತರ ಕೊಟ್ಟೆ. ಎರಡು ಗಂಟೆ ಕಳೆದ ಮೇಲೆ ತಿದ್ದಿಕೊಂಡೆ. ಆ ಎರಡು ಗಂಟೆಯಲ್ಲಿ ನನ್ನ ತಪ್ಪು ಉತ್ತರ ಮೊಗಸಾಲೆಯಲ್ಲಿ ಎಷ್ಟು ದೂರ ಓಡಾಡಿತ್ತು ಅನ್ನುವುದನ್ನು ನೆನೆದರೆ ಈಗಲೂ ಮುಜುಗರವಾಗುತ್ತದೆ. ಇದೇ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಸದಸ್ಯರು ಯಾರು, ಯಾವ ಪಕ್ಷ, ಯಾವ ವರ್ಷ, ಯಾವ ಗ್ರಂಥಾಲಯ, ಯಾವುದನ್ನೂ ಹೇಳುವುದಿಲ್ಲ. ಚರ್ಚೆಯಲ್ಲಿದ್ದ ಕಾನೂನಿನ ಹೆಸರನ್ನೂ ಹೇಳುವುದಿಲ್ಲ. ಅದನ್ನು ಹೇಳಿದರೆ ಸಾಕು, ಆ ಅಧಿವೇಶನ ನೋಡಿದವರು ಐದು ನಿಮಿಷದಲ್ಲಿ ಎಲ್ಲರನ್ನೂ ಗುರುತು ಹಿಡಿದುಬಿಡುತ್ತಾರೆ. ಅದರ ಜಾಗದಲ್ಲಿ ಎಲ್ಲರಿಗೂ ಗೊತ್ತಿರುವ ಭೂ ಸುಧಾರಣಾ ಕಾಯ್ದೆಯನ್ನು ಇಟ್ಟುಕೊಂಡಿದ್ದೇನೆ. ಆ ಕಾಯ್ದೆಯ ಬಗ್ಗೆ ಹೇಳುವ ಇಸವಿ, ಸಂಖ್ಯೆಗಳೆಲ್ಲ ನಿಜ. ಆ ಸಂಜೆಯ ಮಾತು ಮಾತ್ರ ಅದರ ಚರ್ಚೆಯಲ್ಲಿ ಬಂದದ್ದಲ್ಲ.

ಈ ಮೇಜಿನ ಕೆಲಸ

ಶಾಸನಸಭೆಯ ಗ್ರಂಥಾಲಯ ಅಂದರೆ ಪುಸ್ತಕ ಕೊಡುವುದು, ವಾಪಸ್ ತೆಗೆದುಕೊಳ್ಳುವುದು ಎಂದು ಜನ ಅಂದುಕೊಳ್ಳುತ್ತಾರೆ. ಅದು ಇದೆ. ಆದರೆ ಅಧಿವೇಶನ ಶುರುವಾದರೆ ಪರಾಮರ್ಶನ ಮೇಜಿನ ಕೆಲಸವೇ ಬೇರೆ. ಫೋನು ಬರುತ್ತದೆ. ‘ಈ ತೆರಿಗೆಯನ್ನು ಮೊದಲು ಹಾಕಿದ್ದು ಯಾವಾಗ?’ ‘ಪಕ್ಕದ ರಾಜ್ಯದಲ್ಲಿ ಇಂಥ ಕಾನೂನು ಇದೆಯಾ?’ ‘ಹೋದ ಸಲ ಇದೇ ಪ್ರಶ್ನೆಗೆ ಮಂತ್ರಿಗಳು ಏನು ಉತ್ತರ ಕೊಟ್ಟಿದ್ದರು?’ ಎಲ್ಲಕ್ಕೂ ಗಡುವು ಒಂದೇ: ನಾಳೆ ಬೆಳಿಗ್ಗೆ ಸದನ ಸೇರುವ ಮೊದಲು. ಕೆಲವೊಮ್ಮೆ ಈಗಲೇ. ಚೀಟಿ ತಂದವರು ಬಾಗಿಲಲ್ಲೇ ನಿಂತಿರುತ್ತಾರೆ, ಸಾಹೇಬರು ಒಳಗೆ ಮಾತಾಡುತ್ತಿರುತ್ತಾರೆ.

ಇಂಥ ಸೇವೆ ಹೊಸದೇನಲ್ಲ. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ಗ್ರಂಥಾಲಯ 1818ರದು. ಅಮೆರಿಕದ ಸಂಸತ್ತಿಗಾಗಿ 1914ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನೊಳಗೆ ಪ್ರತ್ಯೇಕ ವಿಭಾಗವೇ ಹುಟ್ಟಿತು. ನಮ್ಮ ದೇಶದ ಸಂಸತ್ತಿನ ಗ್ರಂಥಾಲಯ ಶುರುವಾದದ್ದು 1921ರಲ್ಲಿ. ಎಲ್ಲ ಕಡೆಯೂ ಪಾಲಿಸುವ ನಿಯಮ ಎರಡು. ಯಾರ ಪಕ್ಷವನ್ನೂ ವಹಿಸಬಾರದು. ಒಬ್ಬರು ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳಬಾರದು. ಮೊದಲನೆಯದು ಸುಲಭ, ಅಭ್ಯಾಸವಾಗಿಬಿಡುತ್ತದೆ. ಎರಡನೆಯದು ಎಷ್ಟು ಕಷ್ಟ ಅನ್ನುವುದು ಒಂದೇ ಪ್ರಶ್ನೆಯನ್ನು ಎರಡೂ ಕಡೆಯವರು ಕೇಳಿದಾಗ ಗೊತ್ತಾಗುತ್ತದೆ.

ಕರ್ನಾಟಕದ ಹಳೆಯ ಸದನ ದಾಖಲೆಗಳಲ್ಲಿ ಹುಡುಕುವವರಿಗೆ ಇನ್ನೊಂದು ತೊಡಕೂ ಇದೆ. ಇಲ್ಲಿ ಇತಿಹಾಸ ಒಂದೇ ಕಪಾಟಿನಲ್ಲಿಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. 1907ರಲ್ಲಿ ಅದರ ಜೊತೆಗೆ ನ್ಯಾಯವಿಧಾಯಕ ಸಭೆ ಬಂತು. 1956ರ ನವೆಂಬರ್ 1ಕ್ಕೆ ಮೊದಲು ಬೆಳಗಾವಿಯ ವಿಷಯ ಬೇಕಾದರೆ ಮುಂಬಯಿಯ ದಾಖಲೆ ನೋಡಬೇಕು. ಕಲಬುರಗಿಗೆ ಹೈದರಾಬಾದಿನದು, ಮಂಗಳೂರಿಗೆ ಮದರಾಸಿನದು. ಕೊಡಗಿಗೆ 24 ಸದಸ್ಯರ ಅದರದೇ ವಿಧಾನಸಭೆ ಇತ್ತು. ಇಷ್ಟೆಲ್ಲ ಆದ ಮೇಲೂ 1973ರ ನವೆಂಬರ್ 1ರವರೆಗೆ ರಾಜ್ಯದ ಹೆಸರು ಮೈಸೂರು. 1961ರ ಚರ್ಚೆಯ ಸೂಚಿಯಲ್ಲಿ ‘ಕರ್ನಾಟಕ’ ಎಂದು ಹುಡುಕಿದರೆ ಕಾನೂನು ಸಿಗುವುದಿಲ್ಲ.

ಭೂ ಸುಧಾರಣಾ ಕಾಯ್ದೆಯನ್ನೇ ನೋಡಿ. ವಿಧೇಯಕ 1958ರದು. ಅದು ಜಂಟಿ ಪರಿಶೀಲನಾ ಸಮಿತಿಗೆ ಹೋಗಿ ಬಂದು ಸದನಗಳಲ್ಲಿ ಪಾಸಾದದ್ದು 1961ರಲ್ಲಿ. ರಾಷ್ಟ್ರಪತಿಗಳ ಒಪ್ಪಿಗೆ 1962ರಲ್ಲಿ. ಹಾಗಾಗಿ ಹೆಸರಿನಲ್ಲಿ 1961 ಇದ್ದರೂ ಅದು 1962ರ 10ನೇ ಕಾಯ್ದೆ. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ‘ಆ ಕಾನೂನು ಮಾಡಿದ ವರ್ಷದ ಚರ್ಚೆ ಕೊಡಿ’ ಎಂದು ಯಾರಾದರೂ ಕೇಳಿದರೆ ನಾನು ನಾಲ್ಕು ಕಪಾಟುಗಳ ಕಡೆ ನೋಡುತ್ತೇನೆ.

ಸಂಜೆ ನಾಲ್ಕೂವರೆ

ಫೋನು ಮಾಡಿದ್ದು ಒಬ್ಬ ಶಾಸಕರ ಆಪ್ತ ಸಹಾಯಕರು. ಪರಿಚಯದವರೇ. ಇಲ್ಲಿ ಅವರನ್ನು ಪಿಎ ಎಂದಷ್ಟೇ ಕರೆಯುತ್ತೇನೆ.

‘ಮೇಡಂ, ಲ್ಯಾಂಡ್ ರಿಫಾರ್ಮ್ಸ್ ಡಿಬೇಟ್ ಪೂರ್ತಿ ಬೇಕು. ಹಳೇದು. ಸಾಹೇಬ್ರು ನಾಳೆ ಮಾತಾಡ್ತಾರೆ.’

ಪೂರ್ತಿ ಅಂದರೆ ಸಾವಿರಾರು ಪುಟ. ಯಾರೂ ಪೂರ್ತಿ ಓದುವುದಿಲ್ಲ, ಅವರಿಗೂ ಗೊತ್ತು, ನನಗೂ ಗೊತ್ತು. ಆದರೆ ‘ಯಾಕೆ ಬೇಕು?’ ಎಂದು ನಾವು ಕೇಳುವ ಹಾಗಿಲ್ಲ. ಹಾಗೆ ಕೇಳಿದರೆ ಅವರ ತಂತ್ರವನ್ನು ಕೇಳಿದ ಹಾಗೆ. ಹಿರಿಯರೊಬ್ಬರು ನನಗೆ ಕಲಿಸಿದ ಪ್ರಶ್ನೆ ಒಂದಿದೆ, ಅದನ್ನು ಕೇಳಿದೆ: ‘ಸಂಪುಟ ಕೈಗೆ ಸಿಕ್ಕಿದ ತಕ್ಷಣ ಮೊದಲು ಏನು ತೆಗೆದು ನೋಡ್ತೀರಿ ಸಾರ್?’

ಆಗ ವಾಟ್ಸಾಪಿನಲ್ಲಿ ಒಂದು ಚಿತ್ರ ಬಂತು. ಹಳದಿ ಹಿನ್ನೆಲೆ. ಒಬ್ಬ ದೊಡ್ಡ ನಾಯಕರ ಫೋಟೊ. ಅವರು ತೀರಿಕೊಂಡು ಬಹಳ ವರ್ಷವಾಗಿದೆ. ಪಕ್ಕದಲ್ಲಿ ಐದು ಸಾಲಿನ ಮಾತು. ಕೆಳಗೆ ಒಂದು ತಾರೀಖು, ‘ವಿಧಾನಸಭೆಯಲ್ಲಿ’ ಎಂಬ ಪದ. ಆ ನಾಯಕರ ಹೆಸರು ಹೇಳಿ ಓಟು ಕೇಳುವ ಪಕ್ಷ ಇವತ್ತು ಹೇಳುತ್ತಿರುವುದಕ್ಕೆ ಪೂರ್ತಿ ಉಲ್ಟಾ ಆ ಮಾತು. ಸದನದಲ್ಲಿ ಎತ್ತಿ ಓದಿದರೆ ಎದುರಿನ ಸಾಲು ತಬ್ಬಿಬ್ಬಾಗಬೇಕು. ಪಿಎಗೆ ಬೇಕಾಗಿದ್ದದ್ದು ಪುಟದ ಸಂಖ್ಯೆ, ಮತ್ತೆ ಆ ಪುಟದ ಜೆರಾಕ್ಸ್.

ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆದಿತ್ತು. ‘ಡಿಬೇಟ್ ಪೂರ್ತಿ’ ಎಂಬ ಕೋರಿಕೆ ಹತ್ತು ನಿಮಿಷದಲ್ಲಿ ‘ಈ ಐದು ಸಾಲು ಎಲ್ಲಿದೆ’ ಎಂದಾಗಿತ್ತು. ನನಗೆ ಖುಷಿಯೇ ಆಯಿತು. ಆ ಖುಷಿಯೇ ಸ್ವಲ್ಪ ಜಾಸ್ತಿ ಆಯಿತೇನೋ.

ಭಾನುವಾರ

ಮೊದಲು ಗಣಕದಲ್ಲಿ ಹುಡುಕಿದೆ. ಸ್ಕ್ಯಾನ್ ಮಾಡಿದ ಹಳೆಯ ಸಂಪುಟಗಳಲ್ಲಿ ಕನ್ನಡ ಪದ ಹಾಕಿ ಹುಡುಕುವುದು ಅದೃಷ್ಟದ ಆಟ. ಮೊಳೆ ಜೋಡಿಸಿ ಅಚ್ಚು ಹಾಕಿದ ಪುಟಗಳು. ಒತ್ತಕ್ಷರ ಒಡೆದಿರುತ್ತದೆ, ದೀರ್ಘ ಅಳಿಸಿರುತ್ತದೆ. ಯಂತ್ರ ಅದನ್ನು ಏನೇನೋ ಓದಿಕೊಳ್ಳುತ್ತದೆ. ಪದಗಳೂ ಬೇರೆ. ಪತ್ರಿಕೆಯವರು ಮಸೂದೆ ಅನ್ನುತ್ತಾರೆ, ದಾಖಲೆಯಲ್ಲಿ ವಿಧೇಯಕ ಎಂದಿರುತ್ತದೆ. ಏನೂ ಬರಲಿಲ್ಲ. ಬರುತ್ತದೆ ಅಂತ ನಿರೀಕ್ಷೆಯೂ ಇರಲಿಲ್ಲ.

ಆಮೇಲೆ ಸಂಪುಟಗಳ ಸೂಚಿಗೆ ಹೋದೆ. ಹಳೆಯ ಸೂಚಿ ಮಾಡಿದವರಿಗೆ ಕೈಮುಗಿಯಬೇಕು. ಸದಸ್ಯರ ಹೆಸರಿನ ಪ್ರಕಾರ ಒಂದು, ವಿಷಯದ ಪ್ರಕಾರ ಒಂದು. ಆ ನಾಯಕರು ವಿಧಾನಸಭೆಯ ಸದಸ್ಯರಾಗಿದ್ದವರು, ಆ ಕಾಲಕ್ಕೆ ಮಂತ್ರಿಯೂ ಆಗಿದ್ದರು. ಅವರ ಹೆಸರಿನ ಮುಂದೆ ಪುಟಗಳ ದೊಡ್ಡ ಸಾಲು. ಒಂದೊಂದನ್ನೇ ತೆಗೆದು ನೋಡಿದೆ. ಆ ಐದು ಸಾಲು ಎಲ್ಲೂ ಇಲ್ಲ.

ಆಗ ತಲೆಗೆ ಹೊಳೆದದ್ದು ತಾರೀಖು. ಅದು ಯಾವ ವಾರ ಎಂದು ಮೊಬೈಲಿನಲ್ಲಿ ನೋಡಿದೆ. ಭಾನುವಾರ. ಸಂಪುಟ ತೆಗೆದು ನೋಡಿದರೆ ಆ ದಿನ ಸದನ ಸೇರೇ ಇರಲಿಲ್ಲ.

ವಾಟ್ಸಾಪಿನಲ್ಲಿ ಓಡಾಡುವ ಸುಳ್ಳನ್ನು ಒಂದೇ ಏಟಿಗೆ ಹಿಡಿದುಬಿಟ್ಟೆ ಅನ್ನಿಸಿತು. ಹಿಂದಿನ ವಾರ, ಮುಂದಿನ ವಾರದ ಕಲಾಪಗಳ ಮೇಲೂ ಕಣ್ಣಾಡಿಸಿದೆ. ಇಲ್ಲ. ಆರೂ ಕಾಲಿಗೆ ಪಿಎಗೆ ಫೋನು ಮಾಡಿ ಹೇಳಿದೆ: ‘ಸಿಗಲಿಲ್ಲ ಸಾರ್. ಆ ದಿನ ಭಾನುವಾರ, ಸದನವೇ ಇರಲಿಲ್ಲ.’

ಈ ವಾಕ್ಯದಲ್ಲಿ ಸುಳ್ಳು ಒಂದೂ ಇಲ್ಲ. ಆದರೂ ತಪ್ಪು ಉತ್ತರ ಇದೇ. ಮೊದಲ ಭಾಗ ನನ್ನ ಹುಡುಕಾಟದ ವಿಷಯ. ಎರಡನೆಯದು ಸದನದ ವಿಷಯ. ಎರಡನ್ನೂ ಒಟ್ಟಿಗೆ ಕೇಳಿದವರಿಗೆ ಅನ್ನಿಸುವುದು ಒಂದೇ: ಆ ಮಾತನ್ನು ಅವರು ಆಡಿಯೇ ಇಲ್ಲ. ನಾನು ಹಾಗೆ ಹೇಳಲಿಲ್ಲ ಎಂದು ವಾದ ಮಾಡಬಹುದು. ಆದರೆ ಅವರಿಗೆ ಹಾಗೆ ಕೇಳಿಸಲಿ ಎಂದೇ ನನ್ನ ದನಿ ಇತ್ತು. ಅದನ್ನು ಒಪ್ಪಿಕೊಳ್ಳಬೇಕು.

ಪಿಎ ಸಪ್ಪಗಾದರು. ‘ಸರಿ ಬಿಡಿ ಮೇಡಂ’ ಎಂದರು. ಚಹಾ ಕುಡಿಯಲು ಕ್ಯಾಂಟೀನಿಗೆ ಹೋದರು ಎಂದು ಕಾಣುತ್ತದೆ. ಅಧಿವೇಶನದ ದಿನಗಳಲ್ಲಿ ಎಲ್ಲ ಪಕ್ಷದ ಪಿಎಗಳೂ ಕುಡಿಯುವುದು ಅದೇ ಚಹಾ.

‘ಬರೆದುಕೊಡಿ’ ಅಂದಾಗ

ಆರೂ ಮುಕ್ಕಾಲಿಗೆ ಇನ್ನೊಬ್ಬ ಸದಸ್ಯರು ಸ್ವತಃ ಬಂದರು. ಹಿರಿಯರು, ಎದುರು ಸಾಲಿನವರು. ಫೋಟೊದಲ್ಲಿದ್ದ ನಾಯಕರ ಪಕ್ಷದವರೇ. ಅವರ ಮೊಬೈಲಿನಲ್ಲೂ ಅದೇ ಹಳದಿ ಚಿತ್ರ.

‘ಏನಮ್ಮಾ, ಇದು ಸುಳ್ಳಂತೆ ಅಲ್ವಾ? ಆವತ್ತು ಸದನವೇ ಇರಲಿಲ್ಲ ಅಂತ ಗ್ರಂಥಾಲಯದವರೇ ಹೇಳಿದರಂತೆ. ಅದನ್ನೇ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಕೊಡು. ನಾಳೆ ಯಾರಾದರೂ ಇದನ್ನು ಓದಿದರೆ ಎದ್ದು ನಿಂತು ತೋರಿಸ್ತೀನಿ.’

ಅರ್ಧ ಗಂಟೆ. ನನ್ನ ಉತ್ತರ ‘ಸಿಗಲಿಲ್ಲ’ ಎಂದು ಹೊರಟದ್ದು ‘ಸುಳ್ಳಂತೆ’ ಆಗಿ ವಾಪಸ್ ಬಂದಿತ್ತು. ಜೊತೆಗೆ ಸಂಸ್ಥೆಯ ಹೆಸರನ್ನೂ ಅಂಟಿಸಿಕೊಂಡಿತ್ತು.

ಇಲ್ಲಿ ಎರಡು ತೀರ್ಮಾನ ಒಟ್ಟಿಗೇ ಮಾಡಬೇಕಾಯಿತು. ಒಂದು, ಬೇರೆಯವರು ಕೇಳಿದ್ದರು ಎಂಬುದನ್ನು ಒಪ್ಪಿಕೊಳ್ಳಬೇಕೋ ಬೇಡವೋ. ‘ಹೌದು ಸಾರ್, ಆಗಲೇ ಹೇಳಿದ್ದೆ’ ಎಂದರೆ ಮೊದಲು ಕೇಳಿದವರ ಗುಟ್ಟು ಹೊರಬೀಳುತ್ತದೆ. ‘ಯಾರೂ ಕೇಳಿಲ್ಲ’ ಎಂದರೆ ಸುಳ್ಳಾಗುತ್ತದೆ. ನಾನು ಹೇಳಿದ್ದು ಇಷ್ಟು: ‘ಯಾರು ಏನು ಕೇಳಿದರು ಅಂತ ನಾವು ಹೇಳೋ ಹಾಗಿಲ್ಲ ಸಾರ್. ತಾವು ಕೇಳಿದ್ದಕ್ಕೆ ಉತ್ತರ ಕೊಡ್ತೀನಿ.’ ಅವರು ನಕ್ಕರು. ಬಹಳ ವರ್ಷದ ಸದಸ್ಯರು, ಈ ನಿಯಮ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಎರಡನೆಯದು, ಬರೆದುಕೊಡುವುದು. ಹಾಳೆ ತೆಗೆದುಕೊಂಡೆ. ಅವರ ಹೆಸರು, ವಿಷಯ, ತಾರೀಖು ಬರೆದೆ. ‘ಈ ಮಾತು ಸದನದ ದಾಖಲೆಯಲ್ಲಿ’ ಎಂದು ಬರೆದು ಪೆನ್ನು ನಿಂತಿತು. ಮುಂದಿನ ಪದ ‘ಇಲ್ಲ’ ಆಗಬೇಕು. ಫೋನಿನಲ್ಲಿ ಅಷ್ಟು ಸಲೀಸಾಗಿ ಸೂಚಿಸಿಬಿಟ್ಟಿದ್ದನ್ನು ಕೈ ಬರೆಯಲು ಒಪ್ಪಲಿಲ್ಲ. ಸಹಿ ಹಾಕುವಾಗ ಮನುಷ್ಯ ಎಚ್ಚರವಾಗುತ್ತಾನೆ.

ಆ ಸಾಲನ್ನು ಹೊಡೆದುಹಾಕಿ, ನಾನು ನೋಡಿದ್ದೇನು ಎಂಬುದನ್ನು ಬರೆಯತೊಡಗಿದೆ. ಇಂಥ ವರ್ಷದ ವಿಧಾನಸಭೆ ಸಂಪುಟಗಳು. ಸದಸ್ಯರ ಸೂಚಿ. ಇಂಥ ದಿನದಿಂದ ಇಂಥ ದಿನದವರೆಗಿನ ಕಲಾಪ. ಪಕ್ಕದಲ್ಲೇ ನಮ್ಮ ಅಟೆಂಡರ್ ಆ ದೊಡ್ಡ ಸಂಪುಟಗಳನ್ನು ಒಳಗೆ ಸಾಗಿಸಲು ಕಾಯುತ್ತಿದ್ದರು. ಮೂವತ್ತು ವರ್ಷದಿಂದ ಆ ಕಪಾಟುಗಳ ನಡುವೆ ಓಡಾಡಿದವರು. ನಾನು ಬರೆಯುತ್ತಾ ಬಾಯಲ್ಲೂ ಓದಿಕೊಳ್ಳುತ್ತಿದ್ದೆ. ಅವರು ಕೇಳಿಸಿಕೊಂಡು ಮೆಲ್ಲಗೆ ಅಂದರು:

‘ಪರಿಷತ್ತಿಂದು ತರ್ಲಾ ಮೇಡಂ?’

‘ಅವರು ಪರಿಷತ್ತಿನ ಮೆಂಬರ್ ಅಲ್ಲವಲ್ಲ ಅಣ್ಣಾ.’

‘ಮಿನಿಸ್ಟ್ರು ಎರಡೂ ಕಡೆ ಮಾತಾಡ್ತಾರಲ್ವಾ?’

ಸಂವಿಧಾನದ 177ನೇ ವಿಧಿ. ಎರಡು ಸದನಗಳಿರುವ ರಾಜ್ಯದಲ್ಲಿ ಮಂತ್ರಿ ತಾನು ಸದಸ್ಯನಲ್ಲದ ಸದನದಲ್ಲೂ ಮಾತಾಡಬಹುದು, ಮತ ಹಾಕುವಂತಿಲ್ಲ ಅಷ್ಟೇ. ಪರೀಕ್ಷೆಗೆ ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡದ್ದು. ಬೇಕಾದ ಹೊತ್ತಿಗೆ ಅದು ನೆನಪಾದದ್ದು ಅಟೆಂಡರಿಗೆ. ಅವರು ವಿಧಿಯನ್ನು ಓದಿದವರಲ್ಲ. ಯಾವ ಸಂಪುಟವನ್ನು ಯಾರು ಕೇಳುತ್ತಾರೆ ಎಂದು ನೋಡಿಕೊಂಡು ಬಂದವರು.

ಹಿರಿಯ ಸದಸ್ಯರಿಗೆ ಹೇಳಿದೆ: ‘ಸಾರ್, ನಾನು ಇನ್ನೂ ಒಂದು ಕಡೆ ನೋಡಿಲ್ಲ. ನೋಡದೆ ಬರೆದುಕೊಟ್ಟರೆ ತಮಗೇ ತೊಂದರೆ. ರಾತ್ರಿ ಒಂಬತ್ತರೊಳಗೆ ತಿಳಿಸ್ತೀನಿ.’ ಅವರ ಮುಖ ಸ್ವಲ್ಪ ಗಂಟಾಯಿತು. ಖಾಲಿ ಕೈಯಲ್ಲಿ ಹೋದರು.

ಆ ಹೊತ್ತಿನಲ್ಲಿ ಇನ್ನೊಂದು ಕೆಲಸ ಮಾಡಬೇಕಿತ್ತು, ಮಾಡಲಿಲ್ಲ. ಪಿಎಗೆ ಆಗಲೇ ಫೋನು ಮಾಡಿ ‘ನನ್ನ ಉತ್ತರ ಪೂರ್ತಿಯಲ್ಲ, ಇನ್ನೂ ಹುಡುಕುತ್ತಿದ್ದೇನೆ’ ಎನ್ನಬೇಕಿತ್ತು. ಸಿಕ್ಕಿದ ಮೇಲೆ ಒಟ್ಟಿಗೇ ಹೇಳೋಣ ಎಂದುಕೊಂಡೆ. ನಿಜ ಹೇಳಬೇಕೆಂದರೆ, ತಪ್ಪನ್ನು ಒಪ್ಪಿಕೊಳ್ಳುವಾಗ ಕೈಯಲ್ಲಿ ಏನಾದರೂ ಇರಲಿ ಎಂಬ ಆಸೆ. ಅಷ್ಟು ಹೊತ್ತೂ ನನ್ನ ಅರೆ ಉತ್ತರ ಕ್ಯಾಂಟೀನಿನಲ್ಲಿ ಓಡಾಡುತ್ತಲೇ ಇತ್ತು.

‘ಎಂದು’

ಪರಿಷತ್ತಿನ ಸಂಪುಟದಲ್ಲಿ ಸಿಕ್ಕಿತು. ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ. ಚಿತ್ರದಲ್ಲಿದ್ದ ತಾರೀಖಿನ ಹಿಂದಿನ ದಿನ, ಶನಿವಾರ. ಪದ ಪದವೂ ಹೌದು, ಐದೂ ಸಾಲು.

ಆಮೇಲೆ ಆರನೆಯ ಸಾಲು ಓದಿದೆ.

ಮಾತಿನ ಆಕಾರ ಹೀಗಿತ್ತು: ಹೀಗೆ ಹೀಗೆ, ಹೀಗೆ ಹೀಗೆ, ‘ಎಂದು ಹೇಳುವವರು ನಮ್ಮಲ್ಲೇ ಇದ್ದಾರೆ’, ಅದನ್ನು ನಾನು ಒಪ್ಪುವುದಿಲ್ಲ, ಯಾಕೆಂದರೆ... ಮುಂದೆ ಒಂದೂವರೆ ಪುಟ ಆ ಮಾತನ್ನು ಬಿಡಿಸಿ ಬಿಡಿಸಿ ಅಲ್ಲಗಳೆದಿದ್ದರು. ಚಿತ್ರ ಮಾಡಿದವರು ‘ಎಂದು’ ಬರುವ ಮೊದಲೇ ಕತ್ತರಿಸಿ ಪೂರ್ಣವಿರಾಮ ಇಟ್ಟಿದ್ದರು.

ಕನ್ನಡದಲ್ಲಿ ಈ ಮೋಸ ಬಹಳ ಸುಲಭ. ನಾವು ಬೇರೆಯವರ ಮಾತನ್ನು ಪೂರ್ತಿ ಹೇಳಿ ಮುಗಿಸಿ, ಕೊನೆಗೆ ‘ಎಂದು’ ಹಾಕುತ್ತೇವೆ. ಅಲ್ಲಿಯವರೆಗೆ ಅದು ಯಾರ ಮಾತು ಎಂದು ಗೊತ್ತೇ ಆಗುವುದಿಲ್ಲ. ಕೇಳುತ್ತಾ ಕೂತವರಿಗೆ ದನಿಯಲ್ಲಿ ತಿಳಿಯುತ್ತದೆ. ವರದಿಗಾರರು ಬರೆದುಕೊಂಡ ಅಕ್ಷರದಲ್ಲಿ ದನಿ ಇಲ್ಲ. ಸಾಲಿನ ಬಾಲ ಕತ್ತರಿಸಿದರೆ ಸಾಕು, ಎದುರಾಳಿಯ ವಾದ ನಿಮ್ಮ ಬಾಯಿಗೆ ಬರುತ್ತದೆ. ಅಂದಿನಿಂದ ಯಾವ ಉಲ್ಲೇಖ ಹುಡುಕಿದರೂ ಕೊನೆಯ ಸಾಲಿನ ನಂತರದ ಎರಡು ಪ್ಯಾರಾ ಓದದೆ ಪುಟ ಮುಚ್ಚುವುದಿಲ್ಲ.

ತಾರೀಖಿನ ಒಗಟು ಮರುದಿನ ಬಿಡಿಸಿತು. ಹಳೆಯ ಪತ್ರಿಕೆಗಳ ಬೈಂಡಿನಲ್ಲಿ ನೋಡಿದೆ. ಶನಿವಾರದ ಭಾಷಣ ಭಾನುವಾರದ ಪತ್ರಿಕೆಯಲ್ಲಿ ಬಂದಿತ್ತು. ಚಿತ್ರ ಮಾಡಿದವರ ಮೂಲ ಆ ಪತ್ರಿಕೆಯೇ ಇರಬೇಕು, ತಾರೀಖನ್ನು ಅದರ ತಲೆಯಿಂದಲೇ ಎತ್ತಿಕೊಂಡಿದ್ದಾರೆ. ‘ಸದನವೇ ಇರಲಿಲ್ಲ’ ಎಂದು ನಾನು ಬೀಗಿದ್ದು ಒಂದು ಪತ್ರಿಕೆಯ ತಾರೀಖನ್ನು ನಂಬಿ. ತಾರೀಖು ತಪ್ಪಿದ್ದರೆ ಹಿಂದಿನ ದಿನ ನೋಡು ಎಂದು ನಾನೇ ತರಬೇತಿಗೆ ಬಂದ ಹುಡುಗರಿಗೆ ಹೇಳಿಕೊಟ್ಟಿದ್ದೆ. ಹಿಂದಿನ ದಿನ ನೋಡಿಯೂ ಇದ್ದೆ, ಆದರೆ ಒಂದೇ ಸದನದ್ದು.

ಯಾರಿಗೆ ಮೊದಲು?

ಈಗ ಸಿಕ್ಕಿದ್ದನ್ನು ಹೇಗೆ ಕೊಡುವುದು ಎಂಬುದು ದೊಡ್ಡ ಪ್ರಶ್ನೆಯಾಯಿತು. ಹಿರಿಯ ಸದಸ್ಯರಿಗೆ ಇದು ಬಂಗಾರ: ಮಾತು ತಿರುಚಿದ್ದು ಎಂದು ಸಾಬೀತು ಮಾಡುವ ಪುಟ. ಮೊದಲು ಕೇಳಿದವರಿಗೆ ಅಷ್ಟು ಒಳ್ಳೆಯ ಸುದ್ದಿಯಲ್ಲ. ಆದರೂ ಅವರಿಗೆ ಇದು ಇನ್ನೂ ಮುಖ್ಯ. ಗೊತ್ತಿಲ್ಲದೆ ಬೆಳಿಗ್ಗೆ ಅದನ್ನು ಓದಿದರೆ, ಎದುರಿನವರ ಕೈಯಲ್ಲಿ ಪೂರ್ತಿ ಪುಟ ಇದ್ದರೆ, ಗತಿ ಏನು? ಹಾಗಂತ ‘ಎದುರಿನವರ ಹತ್ತಿರ ಇದೆ, ಹುಷಾರು’ ಎಂದು ಎಚ್ಚರಿಸುವ ಹಾಗೂ ಇಲ್ಲ.

ನಮ್ಮ ಮುಖ್ಯ ಗ್ರಂಥಪಾಲಕರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ‘ಕೇಳಿದ ಸಾಲಿನಲ್ಲೇ ಕೊಡಿ. ಇಬ್ಬರಿಗೂ ಅದೇ ಪುಟ, ಅದೇ ಚೀಟಿ. ಒಂದು ಅಕ್ಷರ ಹೆಚ್ಚು ಕಮ್ಮಿ ಬೇಡ. ಮೊದಲ ಉತ್ತರ ತಪ್ಪು ಅಂತ ನೀವೇ ಬರೆದು ನೀವೇ ಸಹಿ ಮಾಡಿ’ ಎಂದರು.

ಹಾಗೇ ಮಾಡಿದೆ. ಮಾತು ಇದ್ದ ಪುಟ, ಅದರ ಹಿಂದಿನದು, ಮುಂದಿನ ಎರಡು. ಜೊತೆಗೆ ಒಂದು ಚೀಟಿ: ಮಾತು ವಿಧಾನಪರಿಷತ್ತಿನ ಇಂಥ ಸಂಪುಟದಲ್ಲಿ ಇಂಥ ಪುಟದಲ್ಲಿದೆ, ಚಿತ್ರದಲ್ಲಿನ ತಾರೀಖು ಮತ್ತು ಸದನ ಎರಡೂ ಸರಿಯಿಲ್ಲ, ವಾಕ್ಯ ಚಿತ್ರದಲ್ಲಿ ಮುಗಿದಲ್ಲಿಗೆ ದಾಖಲೆಯಲ್ಲಿ ಮುಗಿಯುವುದಿಲ್ಲ. ‘ತಿರುಚಲಾಗಿದೆ’ ಎಂಬ ಪದ ಬರೆದಿದ್ದೆ, ತೆಗೆದೆ. ತಿರುಚಿದ್ದು ಹೌದೋ ಅಲ್ಲವೋ ಹೇಳುವುದು ಸದನದ ಕೆಲಸ. ನಾನು ಪುಟ ಕೊಡುವವಳು. ಪಿಎಗೆ ಕೊಟ್ಟ ಚೀಟಿಯಲ್ಲಿ ಒಂದು ಸಾಲು ಮಾತ್ರ ಜಾಸ್ತಿ: ಸಂಜೆ ಫೋನಿನಲ್ಲಿ ಹೇಳಿದ್ದು ಅಪೂರ್ಣ, ಅದನ್ನು ಬಳಸಬೇಡಿ.

ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಪಿಎ ಬಂದರು. ಓದಿದರು. ಆರನೆಯ ಸಾಲಿಗೆ ಬಂದಾಗ ಅವರ ಮುಖ ನೋಡುವ ಹಾಗಿತ್ತು.

‘ಮೇಡಂ, ಈ ಮೇಲಿನ ಅರ್ಧ ಪುಟ ಮಾತ್ರ ಜೆರಾಕ್ಸ್ ಮಾಡಿಕೊಡೋಕೆ ಆಗುತ್ತಾ?’

‘ಪುಟ ಪೂರ್ತಿ ಕೊಡ್ತೀವಿ ಸಾರ್. ಅರ್ಧ ನಮ್ಮಿಂದ ಹೋಗಲ್ಲ.’

ಅವರು ಜಗಳ ಮಾಡಲಿಲ್ಲ. ಸ್ವಲ್ಪ ಹೊತ್ತು ಕೂತರು. ಆಗ ಬಾಯಿಬಿಟ್ಟರು: ಸಾಹೇಬರು ಹೇಳಬೇಕೆಂದಿದ್ದದ್ದು ಆ ನಾಯಕರ ಬಗ್ಗೆ ಅಲ್ಲವೇ ಅಲ್ಲ. ಆ ಪಕ್ಷ ಒಂದು ಕಾಲದಲ್ಲಿ ಒಂದು ಹೇಳಿ, ಅಧಿಕಾರದಲ್ಲಿದ್ದಾಗ ಇನ್ನೊಂದು ಮಾಡಿದೆ ಎಂದು ತೋರಿಸುವುದು. ಅದಕ್ಕೆ ಯಾರೋ ಈ ಚಿತ್ರ ಕಳಿಸಿದ್ದರು, ಸುಮ್ನೆ ಅದನ್ನು ಹಿಡಿದುಕೊಂಡಿದ್ದರು.

ಹಾಗಿದ್ದರೆ ಅದಕ್ಕೆ ಬೇಕಾದದ್ದು ಬೇರೆ! ನಮ್ಮ ಉದಾಹರಣೆಯ ಕಾಯ್ದೆಯಲ್ಲೇ ಹೇಳುವುದಾದರೆ 79ಎ ಕಲಮಿನ ಚರಿತ್ರೆ ಬೇಕು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಅದು ಸೇರಿತು, ದೇವರಾಜ ಅರಸು ಅವರ ಸರ್ಕಾರ ಇದ್ದಾಗ. ಬೇಸಾಯ ಬಿಟ್ಟು ಬೇರೆ ಮೂಲದಿಂದ ವರ್ಷಕ್ಕೆ 12,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಆದಾಯ ಇದ್ದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಆ ಮಿತಿ 1991ರಲ್ಲಿ 50,000 ಆಯಿತು, 1995ರಲ್ಲಿ 2 ಲಕ್ಷ, 2015ರಲ್ಲಿ 25 ಲಕ್ಷ. 2020ರಲ್ಲಿ ಕಲಮನ್ನೇ ತೆಗೆದರು, ಅದೂ 1974ರ ಮಾರ್ಚ್ 1ರಿಂದಲೇ ಇಲ್ಲವಾಯಿತು ಎನ್ನುವ ಹಾಗೆ. ಇಂಥ ಒಂದು ಪಟ್ಟಿ, ಪ್ರತಿ ತಿದ್ದುಪಡಿಯ ಪಕ್ಕದಲ್ಲಿ ಆಗ ಯಾರ ಸರ್ಕಾರ ಇತ್ತು ಎಂಬ ಒಂದು ಸಾಲು. ಹಳದಿ ಚಿತ್ರಕ್ಕಿಂತ ಇದು ನೂರು ಪಾಲು ಗಟ್ಟಿ. ರಾತ್ರಿ ಹತ್ತೂವರೆಗೆ ಅಂಥ ಪಟ್ಟಿ ಮಾಡಿಕೊಟ್ಟೆ.

(ಇಲ್ಲೊಂದು ಅಡ್ಡಮಾತು. ಇವತ್ತು ಅಂಗಡಿಯಲ್ಲಿ ಆ ಕಾಯ್ದೆಯ ಹೊಸ ಪುಸ್ತಕ ಕೊಂಡರೆ 79ಎ ಇದ್ದ ಜಾಗದಲ್ಲಿ ಅದನ್ನು ಬಿಟ್ಟುಬಿಡಲಾಗಿದೆ ಎಂಬುದಷ್ಟೇ ಸಿಗಬಹುದು. 1993ರಲ್ಲಿ ಕಲಂ ಹೇಗಿತ್ತು ಎಂದು ಓದಬೇಕಾದರೆ 1993ರ ಮುದ್ರಣವೇ ಬೇಕು. ‘ಹಳೇ ಪುಸ್ತಕ, ತೂಕಕ್ಕೆ ಹಾಕಿ’ ಎಂದು ಯಾರಾದರೂ ಅಂದರೆ ಗ್ರಂಥಪಾಲಕರು ಜಗಳಕ್ಕೆ ನಿಲ್ಲುವುದು ಇದಕ್ಕೇ.)

ಹಿರಿಯ ಸದಸ್ಯರಿಗೆ ಒಂಬತ್ತಕ್ಕೆ ಫೋನು ಮಾಡಿದೆ, ಅವರ ಕಡೆಯವರು ಬಂದು ಪುಟಗಳನ್ನು ತೆಗೆದುಕೊಂಡು ಹೋದರು. ಅವರಿಗೆ ಪಟ್ಟಿ ಕೊಡಲಿಲ್ಲ, ಅವರು ಕೇಳಿರಲಿಲ್ಲ. ಇದು ಸರಿಯೇ ಎಂದು ನನ್ನ ಸಹೋದ್ಯೋಗಿ ಒಬ್ಬರು ಆಮೇಲೆ ಕೇಳಿದರು. ಒಬ್ಬರಿಗೆ ಮಾಡಿದ ಸಹಾಯವನ್ನು ಇನ್ನೊಬ್ಬರಿಗೂ ಮಾಡಬೇಕಲ್ಲವೇ? ನನ್ನ ಉತ್ತರ: ಕೇಳಿದರೆ ಖಂಡಿತ. ಕೇಳದೆ ಕೊಟ್ಟರೆ ಎದುರಿನವರ ವಾದ ಯಾವ ಕಡೆ ಹೊರಟಿದೆ ಎಂದು ನಾನೇ ತೋರಿಸಿಕೊಟ್ಟ ಹಾಗೆ. ಆದರೆ ಪುಟದ ವಿಷಯದಲ್ಲಿ ಇಬ್ಬರೂ ಒಂದೇ ಪ್ರಶ್ನೆ ಕೇಳಿದ್ದರು, ಹಾಗಾಗಿ ಅಲ್ಲಿ ಒಂದೇ ಉತ್ತರ. ಸಹೋದ್ಯೋಗಿ ಪೂರ್ತಿ ಒಪ್ಪಲಿಲ್ಲ.

ಸದನದಲ್ಲಿ ಏನಾಯಿತು

ಏನೂ ಆಗಲಿಲ್ಲ. ಮರುದಿನ ಬೇರೆ ಯಾವುದೋ ವಿಷಯಕ್ಕೆ ಗದ್ದಲವಾಗಿ ಸದಸ್ಯರು ಸದನದ ಬಾವಿಗೆ ಇಳಿದರು, ಕಲಾಪ ಮುಂದಕ್ಕೆ ಹೋಯಿತು. ಎರಡು ದಿನದ ಮೇಲೆ ಚರ್ಚೆ ಬಂದಾಗ ಮೊದಲು ಕೇಳಿದ್ದ ಶಾಸಕರು ಪಟ್ಟಿ ಹಿಡಿದು ಮಾತಾಡಿದರು. ನಾಯಕರ ಹೆಸರೇ ಎತ್ತಲಿಲ್ಲ. ಹಿರಿಯ ಸದಸ್ಯರ ಜೇಬಿನಲ್ಲಿ ಪುಟಗಳು ಹಾಗೇ ಉಳಿದವು. ಯಾರೂ ಓದದ ಸುಳ್ಳನ್ನು ಅಲ್ಲಗಳೆಯುವುದು ಹೇಗೆ? ಸಂಜೆ ಗ್ರಂಥಾಲಯಕ್ಕೆ ಬಂದು, ‘ನಿನ್ನ ಪುಟ ದಂಡವಾಯ್ತಲ್ಲಮ್ಮಾ’ ಎಂದು ನಕ್ಕರು.

ನಮ್ಮ ಮೇಜಿನಲ್ಲಿ ಮಾತ್ರ ಒಂದು ಬದಲಾವಣೆ ಆಯಿತು. ಉತ್ತರದ ಚೀಟಿಯಲ್ಲಿ ಮೊದಲು ‘ಪ್ರಶ್ನೆ’, ‘ಉತ್ತರ’ ಎಂದು ಎರಡೇ ಖಾನೆ ಇದ್ದವು. ಈಗ ‘ನೋಡಿದ್ದು’, ‘ನೋಡದೆ ಉಳಿದದ್ದು’ ಎಂದು ಇನ್ನೆರಡು ಸೇರಿವೆ. ಎರಡನೆಯದನ್ನು ತುಂಬಲು ಯಾರಿಗೂ ಇಷ್ಟವಿಲ್ಲ. ಸೋಮಾರಿತನ ಬರೆದುಕೊಟ್ಟ ಹಾಗೆ ಅನ್ನಿಸುತ್ತದೆ, ಸಮಯವೂ ಹಿಡಿಯುತ್ತದೆ. ಗದ್ದಲದ ದಿನಗಳಲ್ಲಿ ಖಾಲಿ ಬಿಟ್ಟೂ ಕೊಡುತ್ತಾರೆ, ನಾನೂ ಬಿಟ್ಟಿದ್ದೇನೆ. ಆದರೆ ಆ ಖಾನೆ ತುಂಬಲು ಕೂತಾಗಲೇ ನೋಡದ ಕಪಾಟು ನೆನಪಾಗುತ್ತದೆ. ಎಷ್ಟೋ ಸಲ ಬರೆಯುವ ಬದಲು ಎದ್ದು ಹೋಗಿ ನೋಡಿಯೇ ಬಂದಿದ್ದೇವೆ. ಇನ್ನೊಂದು ವಿಷಯವನ್ನೂ ಅಲ್ಲಿ ಬರೆಯುತ್ತೇವೆ: ಸಭಾಧ್ಯಕ್ಷರು ಅಥವಾ ಸಭಾಪತಿಗಳು ಕಡತದಿಂದ ತೆಗೆಸಿದ ಮಾತು ಅಚ್ಚಾದ ಸಂಪುಟದಲ್ಲಿ ಇರುವುದಿಲ್ಲ. ಹಾಗಾಗಿ ಎಲ್ಲ ಸಂಪುಟ ನೋಡಿದ ಮೇಲೂ ನಾವು ಹೇಳಬಹುದಾದದ್ದು ‘ದಾಖಲೆಯಲ್ಲಿ ಕಾಣಲಿಲ್ಲ’ ಎಂದಷ್ಟೇ. ‘ಆಡಲಿಲ್ಲ’ ಎಂದು ಹೇಳುವ ಅಧಿಕಾರ ನಮಗಿಲ್ಲ.

ಫೋನಿನಲ್ಲಿ ‘ಸಿಗಲಿಲ್ಲ’ ಎನ್ನುವುದನ್ನು ಪೂರ್ತಿ ಬಿಟ್ಟೆವು. ‘ಇಲ್ಲಿಯವರೆಗೆ ಇಷ್ಟು ನೋಡಿದ್ದೇನೆ’ ಎನ್ನುತ್ತೇವೆ. ಮೊದಮೊದಲು ಪಿಎಗಳು ರೇಗುತ್ತಿದ್ದರು, ಇದೆಯೋ ಇಲ್ಲವೋ ಅಷ್ಟು ಹೇಳಿ ಎಂದು. ಈಗ ಕೆಲವರು ಅವರೇ ಕೇಳುತ್ತಾರೆ, ‘ಪರಿಷತ್ತಿಂದು ನೋಡಿದ್ರಾ ಮೇಡಂ?’

ಸುಮಾರು ಒಂದು ವರ್ಷದ ಮೇಲೆ, ಮೂರನೆಯ ಪಕ್ಷದ ಸದಸ್ಯರೊಬ್ಬರ ಕಡೆಯಿಂದ ಒಂದು ಚಿತ್ರ ಬಂತು. ಅದೇ ನಾಯಕರ ಫೋಟೊ, ಅದೇ ಐದು ಸಾಲು. ಹಿನ್ನೆಲೆ ಈ ಸಲ ನೀಲಿ. ತಾರೀಖು ನೋಡಿದೆ. ಸರಿಯಾಗಿತ್ತು, ಶನಿವಾರದ್ದೇ. ಕೆಳಗೆ ‘ವಿಧಾನಪರಿಷತ್ತಿನಲ್ಲಿ’ ಎಂದೂ ಇತ್ತು, ಪುಟದ ಸಂಖ್ಯೆಯೂ ಇತ್ತು. ‘ಎಂದು’ ಮಾತ್ರ ಇರಲಿಲ್ಲ.